ದಶಮಿಯ ಏಳೂವರೆ

ವಸೈಯ ಧಕ್ಕೆಯಲ್ಲಿ ಸಂಜೆ ಐದೂವರೆಗೆ ಬಾರ್ಜಿನ ಬಾಯಿ ತೆರೆದಿತ್ತು. ಬೈಕುಗಳು, ಎರಡು ರಿಕ್ಷಾ, ನಾಲ್ಕೈದು ಕಾರುಗಳು ಒಳಗೆ ಹೋದವು. ಕೊನೆಯಲ್ಲಿ ನಿಂತಿದ್ದ ಉದ್ದನೆಯ ಬಿಳಿ ವ್ಯಾನಿಗೆ ಖಲಾಸಿ ಕೈ ಬೀಸಿದ. ಮುಂದಿನ ಚಕ್ರಗಳು ರ್‍ಯಾಂಪಿನ ತಗ್ಗಿಗೆ ಇಳಿದು, ಬಾರ್ಜಿನ ಕಬ್ಬಿಣದ ಮೇಲೆ ಹತ್ತಿದವು. ಹಿಂದಿನ ಚಕ್ರಗಳು ಅದೇ ತಗ್ಗಿಗೆ ಬರುತ್ತಿದ್ದಂತೆ ವ್ಯಾನಿನ ಬಾಲದ ಕಡೆಯಿಂದ ಕರಕರ ಎಂದು ಸದ್ದಾಯಿತು. ಖಲಾಸಿ ಎರಡೂ ಕೈ ಮೇಲೆತ್ತಿ ನಿಲ್ಲಿಸಿದ. ಬಗ್ಗಿ ನೋಡಿದ. ಬಳಸಿದ ನೀರು ಹೊರಹೋಗುವ ಕೊಳವೆ ಕಾಂಕ್ರೀಟಿಗೆ ಉಜ್ಜಿ ಅರ್ಧ ಸೀಳಿತ್ತು.

"ಓಹೋಟಿ ಆಹೇ," ಎಂದ ಅವನು, ಸಿಟ್ಟಿಲ್ಲದೆ. ನೀರು ಇಳಿದಿದೆ. "ದುಪಾರೀ ಯಾ." ಮಧ್ಯಾಹ್ನ ಬನ್ನಿ.

ವ್ಯಾನು ಹಿಂದಕ್ಕೆ ಸರಿಯಿತು. ಸ್ಟಿಯರಿಂಗ್ ಹಿಡಿದಿದ್ದ ಮಗ ಮನೆಗೆ ಬಂದು ಈ ಕತೆ ಹೇಳಿದಾಗ, ಮಂಚದ ಮೇಲೆ ದಿಂಬಿಗೆ ಒರಗಿದ್ದ ಅಮ್ಮ ನಕ್ಕಳು. ಪಾರ್ಶ್ವವಾಯು ಬಡಿದ ಮೇಲೆ ಅವಳ ಮಾತು ತುಂಡುತುಂಡಾಗಿಯೇ ಬರುವುದು.

"ಅಮಾಸಿ," ಎಂದಳು. ಸ್ವಲ್ಪ ತಡೆದು, "ಸಂಜಿ." ಮತ್ತೆ ತಡೆದು, "ನೀರೆಲ್ಲಿ?"

*

ಆ ವ್ಯಾನು ಮೋಜಿಗೆ ಮಾಡಿಸಿದ್ದಲ್ಲ. ಎರಡು ವರ್ಷಗಳ ಹಿಂದೆ ಅಮ್ಮನನ್ನು ರೈಲಿನಲ್ಲಿ ಊರಿಗೆ ಕರೆದೊಯ್ದಿದ್ದರು. ಎಡಗಾಲು, ಎಡಗೈ ಸ್ವಾಧೀನದಲ್ಲಿಲ್ಲ. ಓಡುವ ಗಾಡಿಯಲ್ಲಿ ಶೌಚಾಲಯದ ಬಾಗಿಲವರೆಗೆ ಹೋಗುವುದೇ ಒಂದು ಯುದ್ಧ. ಅವಳು ಯಾರಿಗೂ ಹೇಳದೆ ಒಂದು ಉಪಾಯ ಮಾಡಿದಳು. ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿದಳು. ಕುಂದಾಪುರದಲ್ಲಿ ಇಳಿಯುವ ಹೊತ್ತಿಗೆ ತುಟಿ ಒಡೆದಿತ್ತು, ಕಣ್ಣು ಮಂಜಾಗಿತ್ತು. ಊರಿನ ಎರಡು ದಿನ ಆಸ್ಪತ್ರೆಯ ಡ್ರಿಪ್ಪಿನಲ್ಲೇ ಕಳೆಯಿತು. ಕೋಟೇಶ್ವರದ ಕೊಡಿ ಹಬ್ಬದ ತೇರನ್ನು ಅವಳು ಆ ವರ್ಷ ನೋಡಲಿಲ್ಲ.

ಮುಂಬೈಗೆ ಮರಳಿದ ಮೇಲೆ ಮಗ ಹಳೆಯ ಟ್ರಾವೆಲರ್ ಒಂದನ್ನು ಕೊಂಡ. ಹಿಂದಿನ ಸೀಟುಗಳನ್ನೆಲ್ಲ ತೆಗೆಸಿ ಒಂದು ಮಂಚ, ಹಿಡಿಕೆಗಳಿರುವ ಪುಟ್ಟ ಶೌಚಾಲಯ, ನೂರು ಲೀಟರಿನ ನೀರಿನ ಟ್ಯಾಂಕು, ಒಂದು ಒಲೆಯ ಕಟ್ಟೆ ಹಾಕಿಸಿದ. ಇಂಥದ್ದನ್ನು ಗ್ಯಾರೇಜಿನಲ್ಲಿ ಮನಸ್ಸಿಗೆ ಬಂದಂತೆ ಮಾಡಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿರುವ ಮೂಲ ಸ್ವರೂಪವನ್ನು ಅನುಮತಿಯಿಲ್ಲದೆ ಬದಲಿಸುವುದು ತಪ್ಪು. ಕಚೇರಿಗೆ ಅಲೆದು, ಪತ್ರದಲ್ಲಿ ಬದಲಾವಣೆ ಬರೆಸಿಕೊಂಡು, ವಿಮೆಯನ್ನೂ ಸರಿಪಡಿಸಿಕೊಳ್ಳುವ ಹೊತ್ತಿಗೆ ಒಂದು ಮಳೆಗಾಲ ಕಳೆದಿತ್ತು. ಆದರೆ ಒಳಗೆ ಒಂದೊಂದು ಇಂಚನ್ನೂ ಅವನು ಅಮ್ಮನ ತೋಳಿನ ಉದ್ದಕ್ಕೆ ಅಳೆದು ಮಾಡಿಸಿದ್ದ. ಬಲಗೈ ಚಾಚಿದರೆ ಹಿಡಿಕೆ ಸಿಗಬೇಕು, ಹಿಡಿಕೆ ಬಿಟ್ಟರೆ ಕಮೋಡು ಸಿಗಬೇಕು.

ಅಳೆಯದೆ ಬಿಟ್ಟದ್ದು ಒಂದೇ, ವ್ಯಾನಿನ ಬಾಲ. ಹಿಂದಿನ ಚಕ್ರದ ಆಚೆಗೆ ವಾಹನ ಎಷ್ಟು ಚಾಚಿರಬಹುದು ಎಂಬುದಕ್ಕೆ ನಿಯಮವಿದೆ, ಚಕ್ರಗಳ ನಡುವಿನ ಅಂತರದ ಶೇ. 60ನ್ನು ಮೀರಬಾರದು. ಅದನ್ನೇನೋ ಅವನು ಮೀರಿರಲಿಲ್ಲ. ಆದರೆ ಕೊಳೆನೀರಿನ ಟ್ಯಾಂಕು, ಅದರ ಕೊಳವೆ ಎಲ್ಲವೂ ಆ ಬಾಲದ ಕೆಳಗೇ ತೂಗುತ್ತಿದ್ದವು. ಸಪಾಟು ರಸ್ತೆಯಲ್ಲಿ ಅದು ತೊಂದರೆಯಲ್ಲ. ಮುಂದಿನ ಚಕ್ರ ಮೇಲೆ, ಹಿಂದಿನ ಚಕ್ರ ತಗ್ಗಿನಲ್ಲಿ ಇರುವ ಗಳಿಗೆಯಲ್ಲಿ ಬಾಲ ನೆಲಕ್ಕೆ ತಾಗುತ್ತದೆ. ದೋಣಿ ಹತ್ತುವಾಗ ಬರುವುದು ಇದೇ ಗಳಿಗೆ.

*

ವ್ಯಾನು ಇದ್ದ ಮೇಲೆ ದೋಣಿ ಯಾಕೆ ಎಂಬುದು ಅಪ್ಪಯ್ಯನ ಪ್ರಶ್ನೆ.

ಮುಂಬೈ–ಗೋವಾ ಹೆದ್ದಾರಿಯಲ್ಲಿ ಹೋದವರಿಗೆ ಉತ್ತರ ಗೊತ್ತು. ಪನ್ವೇಲಿನಿಂದ ಮುಂದಕ್ಕೆ ರಸ್ತೆ ಅಗಲ ಮಾಡುವ ಕೆಲಸ 2011ರಲ್ಲಿ ಶುರುವಾದದ್ದು, ಶಾಲೆಗೆ ಸೇರಿದ ಮಗು ಕಾಲೇಜು ಮುಗಿಸುವಷ್ಟು ಕಾಲ ನಡೆಯಿತು. ಪ್ರಾಯೋಗಿಕವಾಗಿ ಒಮ್ಮೆ ಅಮ್ಮನನ್ನು ಮಲಗಿಸಿಕೊಂಡು ವಡಖಳದವರೆಗೆ ಹೋಗಿ ಬಂದಿದ್ದರು. ಪ್ರತಿ ಗುಂಡಿಗೂ ಅವಳ ಸೊಂಟದಿಂದ ಒಂದು ಸದ್ದು ಬರುತ್ತಿತ್ತು. ಕೂಗಲ್ಲ, ಉಸಿರು ಕತ್ತರಿಸಿದ ಸದ್ದು. ಹಿಂದೆ ಕೂತಿದ್ದ ಅಪ್ಪಯ್ಯ ಅಂದು ರಾತ್ರಿ ಊಟ ಮಾಡಲಿಲ್ಲ.

ಆಮೇಲೆ ಮಗನಿಗೆ ಹೊಳೆದದ್ದು ಭಾವೂಚಾ ಧಕ್ಕಾದಿಂದ ಮಾಂಡವಾಕ್ಕೆ ಹೋಗುವ ರೋ-ರೋ ಹಡಗು. ಗ್ರೀಸಿನಲ್ಲಿ ಕಟ್ಟಿದ ಆ ಹಡಗು 2020ರ ಮಾರ್ಚಿನಲ್ಲಿ, ಕೋವಿಡ್ ಬಾಗಿಲು ಬಡಿಯುತ್ತಿದ್ದ ವಾರದಲ್ಲೇ, ಓಡಾಟ ಆರಂಭಿಸಿತು. ನೂರಕ್ಕೂ ಹೆಚ್ಚು ಕಾರುಗಳು ಹಿಡಿಸುತ್ತವೆ. ರಸ್ತೆಯಲ್ಲಿ ನೂರು ಕಿಲೋಮೀಟರಿಗೂ ಮೇಲಿರುವ, ಮೂರು ನಾಲ್ಕು ತಾಸಿನ ದಾರಿ ಕೊಲ್ಲಿಯ ಮೇಲೆ ಸುಮಾರು ಒಂದು ತಾಸು. ಮಾಂಡವಾದಲ್ಲಿ ಇಳಿದು ಅಲಿಬಾಗ್, ರೋಹಾ ದಾಟಿ ಕೋಲಾಡದಲ್ಲಿ ಹೆದ್ದಾರಿ ಸೇರಿದರೆ ಅಮ್ಮನ ಸೊಂಟಕ್ಕೆ ಹೆದರಿಕೆಯಿದ್ದ ಭಾಗವೆಲ್ಲ ತಪ್ಪುತ್ತದೆ. ಅಲ್ಲಿಂದ ಮುಂದೆ ದಿನಕ್ಕೆ ನೂರೈವತ್ತು, ಇನ್ನೂರು ಕಿಲೋಮೀಟರು. ಆಯಾಸವಾದಲ್ಲಿ ನಿಲ್ಲಿಸುವುದು, ವ್ಯಾನಿನಲ್ಲೇ ಗಂಜಿ ಬೇಯಿಸುವುದು, ಹುಣ್ಣಿಮೆಯ ಹೊತ್ತಿಗೆ ಕೋಟೇಶ್ವರ.

ಗಾಡಿಯನ್ನು ಇನ್ನೊಂದು ಗಾಡಿಯ ಮೇಲೆ ಹತ್ತಿಸಿ ದಾರಿ ಕಡಿಮೆ ಮಾಡುವುದು ಈ ಕರಾವಳಿಗೆ ಹೊಸತಲ್ಲ. ಕೋಲಾಡದಿಂದಲೇ ಕೊಂಕಣ ರೈಲ್ವೆ 1999ರಿಂದ ಸರಕು ತುಂಬಿದ ಲಾರಿಗಳನ್ನು ರೈಲಿನ ಮೇಲೇರಿಸಿ ದಕ್ಷಿಣಕ್ಕೆ ಒಯ್ಯುತ್ತಿದೆ. ಸುರತ್ಕಲ್ ಕಡೆಯವರು ಸಾಲುಸಾಲು ಲಾರಿ ಹೊತ್ತ ಆ ರೈಲನ್ನು ನೋಡಿಯೇ ಇರುತ್ತಾರೆ. ಕೊಂಕಣದಲ್ಲಿ ದಾಭೋಳ, ಬಾಗ್‌ಮಾಂಡ್ಲಾ, ಜಯಗಡದ ಖಾರಿಗಳಲ್ಲಿ ಬಾರ್ಜುಗಳು ಕಾರು ದಾಟಿಸುತ್ತವೆ. ಮುಂಬೈಯೊಳಗೇ ವರ್ಸೋವಾದಿಂದ ಮಡ್‌ಗೆ, ಮಾರ್ವೆಯಿಂದ ಮನೋರಿಗೆ ಬೈಕುಗಳನ್ನು ದೋಣಿಗೆ ಹತ್ತಿಸಿಕೊಂಡು ಜನ ದಿನವೂ ಓಡಾಡುತ್ತಾರೆ. ವಸೈ–ಭಾಯಂದರ್ ಬಾರ್ಜು ಶುರುವಾದದ್ದು 2024ರ ಫೆಬ್ರವರಿಯಲ್ಲಿ. ಮೂವತ್ತೆಂಟು ಕಿಲೋಮೀಟರಿನ ಸುತ್ತು ತಪ್ಪಿಸಿ ನಾಲ್ಕು ಕಿಲೋಮೀಟರಿಗೂ ಕಡಿಮೆ ನೀರು ದಾಟಿಸುತ್ತದೆ.

ಕನ್ನಡ ನಾಡಿನ ಒಳಗೆ ಈ ಅನುಭವಕ್ಕೆ ಇನ್ನೊಂದು ಹೆಸರು ಸಿಗಂದೂರಿನ ಲಾಂಚ್. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಊರುಗಳ ನಡುವೆ ಹರಡಿದ ಮೇಲೆ, ಹೊಳೆಬಾಗಿಲಿನಲ್ಲಿ ಬಸ್ಸು, ಜೀಪು, ಮದುವೆ ದಿಬ್ಬಣ, ಹೆಣ ಎಲ್ಲವೂ ಲಾಂಚಿನಲ್ಲೇ ದಾಟಬೇಕಾಯಿತು. 2025ರ ಜುಲೈ 14ರಂದು ಅಲ್ಲಿ ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ ಉದ್ದದ ಸೇತುವೆ ಉದ್ಘಾಟನೆಯಾಯಿತು. ಪ್ರವಾಸಿಗರು ಲಾಂಚನ್ನು ನೆನೆದು ಮರುಗಿದರು. ರಾತ್ರಿ ಹೊತ್ತು ಹೆರಿಗೆ ನೋವು ಬಂದವರನ್ನು ಕರೆದುಕೊಂಡು ದಡದಲ್ಲಿ ಕಾದು ನಿಂತ ತುಮರಿಯ ಕಡೆಯವರಿಗೆ ಮರುಗುವ ಕಾರಣ ಇರಲಿಲ್ಲ. ದೋಣಿ ಚಂದ ಕಾಣುವುದು ಸೇತುವೆಯೂ ಇರುವವರಿಗೆ.

ಅಪ್ಪಯ್ಯ ಹೇಳುತ್ತಿದ್ದದ್ದೂ ಅದನ್ನೇ. "ಅಟಲ್ ಸೇತು ಎಂತಕ್ ಕಟ್ಟಿದ್ರ್? ಇಪ್ಪತ್ತೆರಡ್ ಕಿಲೋಮೀಟರ್ ಸೇತುವೆ ಇರುವಾಗ ನೀರ್ ಮೇಲ್ ಹೋಪುದ್ ಯಾಕೆ? ನಾನ್ ಬತ್ತಿಲ್ಲೆ."

*

ಅಪ್ಪಯ್ಯನ ಹೆದರಿಕೆ ಅವರ ಸ್ವಂತದ್ದಲ್ಲ, ತಂದೆಯಿಂದ ಬಂದದ್ದು.

ಅವರ ತಂದೆ ಊರು ಬಿಟ್ಟದ್ದು ಸ್ಟೀಮರಿನಲ್ಲಿ. ರೈಲು ಇಲ್ಲದ, ಸೇತುವೆಗಳಿಲ್ಲದ ಕಾಲದಲ್ಲಿ ಕರಾವಳಿಯ ಹುಡುಗರು ಮುಂಬೈ ಸೇರಿದ್ದು ಹೆಚ್ಚಾಗಿ ಹಾಗೆಯೇ. ಹಡಗು ದೂರದಲ್ಲಿ ಲಂಗರು ಹಾಕುತ್ತಿತ್ತು, ದಡದಿಂದ ಸಣ್ಣ ದೋಣಿಯಲ್ಲಿ ಹೋಗಿ ಹತ್ತಬೇಕಿತ್ತು. ಹಾಗೆ ಬಂದ ಹುಡುಗ ಫೋರ್ಟಿನ ಹೋಟೆಲೊಂದರಲ್ಲಿ ತಟ್ಟೆ ತೊಳೆಯುವ ಕೆಲಸಕ್ಕೆ ಸೇರಿದ. 1947ರ ಜುಲೈ 17ರ ಬೆಳಿಗ್ಗೆ ಭಾವೂಚಾ ಧಕ್ಕಾದಿಂದ ರೇವಸಿಗೆ ಹೊರಟ ‘ರಾಮದಾಸ್’ ಸ್ಟೀಮರು ಮಳೆಗಾಳಿಗೆ ಸಿಕ್ಕಿ ಮಗುಚಿತು. ಆಷಾಢದ ಅಮಾವಾಸ್ಯೆ, ಹಬ್ಬಕ್ಕೆ ಊರಿಗೆ ಹೊರಟವರೇ ತುಂಬಿದ್ದರು. ಆರುನೂರಕ್ಕೂ ಹೆಚ್ಚು ಜನ ಸತ್ತರು. ದೇಶಕ್ಕೆ ಸ್ವಾತಂತ್ರ್ಯ ಬರಲು ಒಂದು ತಿಂಗಳೂ ಇರಲಿಲ್ಲ. ಆ ಗಡಿಬಿಡಿಯಲ್ಲಿ ಊರ ಹೊರಗಿನವರು ಅದನ್ನು ಮರೆತರು. ಧಕ್ಕಾದ ಸುತ್ತ ಹೊಟ್ಟೆ ಹೊರೆಯುತ್ತಿದ್ದವರು ಮರೆಯಲಿಲ್ಲ. ಹೋಟೆಲಿಗೆ ದಿನವೂ ಚಹಾಕ್ಕೆ ಬರುತ್ತಿದ್ದ ಕೆಲವರು ಆಮೇಲೆ ಬರಲಿಲ್ಲ ಎಂದು ಅಜ್ಜ ಹೇಳುತ್ತಿದ್ದರಂತೆ. ಅಷ್ಟೇ ಹೇಳುತ್ತಿದ್ದರು. ಆ ಒಂದು ಮಾತು ಮೂರು ತಲೆಮಾರಿಗೆ ಸಾಕಾಯಿತು.

2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟಿದ್ದ ಪ್ರವಾಸಿ ದೋಣಿಗೆ ನೌಕಾಪಡೆಯ ವೇಗದ ದೋಣಿ ಡಿಕ್ಕಿ ಹೊಡೆದು ಹಲವರು ಸತ್ತಾಗ ಅಪ್ಪಯ್ಯ ಆ ದಿನದ ಪತ್ರಿಕೆಯನ್ನು ಮಡಚಿ ಗೋದ್ರೇಜಿನಲ್ಲಿ ಇಟ್ಟರು. ವಾದಕ್ಕೆ ಬೇಕಾದಾಗ ತೆಗೆದು ತೋರಿಸಲು.

ಮಗ ತನ್ನ ಕಡೆಯಿಂದ ಓದಿಕೊಂಡ. ಓದಿದಷ್ಟೂ ಹಡಗಿನವರ ನಿಯಮಗಳ ಅರ್ಥ ಅವನಿಗೆ ತಿಳಿಯತೊಡಗಿತು. ವಾಹನ ಒಯ್ಯುವ ಹಡಗಿನ ಹೊಟ್ಟೆ ಒಂದು ದೊಡ್ಡ ಹಜಾರ, ನಡುವೆ ಗೋಡೆಗಳಿಲ್ಲ. ಅಲ್ಲಿಗೆ ನೀರು ನುಗ್ಗಿದರೆ ಒಂದು ಬದಿಗೆ ಸರಿದು ಇಡೀ ಹಡಗನ್ನು ಎಳೆದು ಮಲಗಿಸುತ್ತದೆ. 1987ರ ಮಾರ್ಚ್ 6ರಂದು ಬೆಲ್ಜಿಯಮ್ಮಿನ ಜೀಬ್ರೂಗ್ ಬಂದರಿನಿಂದ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಮುಂಬಾಗಿಲು ಮುಚ್ಚದೆ ಹೊರಟು ನಿಮಿಷಗಳಲ್ಲಿ ಮಗುಚಿತು, 193 ಜನ ಹೋದರು. ಅದಕ್ಕೇ ಬಾಗಿಲಿನ ಬಗ್ಗೆ ಅಷ್ಟು ಕಟ್ಟುನಿಟ್ಟು. ಅದಕ್ಕೇ ಹಡಗು ಹೊರಟ ಮೇಲೆ ವಾಹನದೊಳಗೆ ಯಾರೂ ಕೂರಬಾರದು, ಗೇರಿನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದು ಮೇಲೆ ಹೋಗಬೇಕು ಎನ್ನುವುದು.

ಮನೆಯನ್ನೇ ಗಾಡಿಯಲ್ಲಿ ಹೊತ್ತವರಿಗೆ ಇನ್ನೂ ಒಂದಷ್ಟು ಕೆಲಸ. ಅಡುಗೆ ಅನಿಲವೆಂದರೆ ಹಡಗಿನವರಿಗೆ ಸಹಜವಾಗಿಯೇ ಅಂಜಿಕೆ. ಆದ್ದರಿಂದ ಮಗ ಸಿಲಿಂಡರನ್ನೇ ಕಿತ್ತು ಇಂಡಕ್ಷನ್ ಒಲೆ ಹಾಕಿದ. ನೀರಿನ ಟ್ಯಾಂಕು ಅರ್ಧ ತುಂಬಿದ್ದರೆ ಒಳಗೇ ತುಳುಕಿ ಗಾಡಿಯನ್ನು ಅಲ್ಲಾಡಿಸುತ್ತದೆ, ಅದನ್ನು ಖಾಲಿ ಮಾಡಬೇಕು, ಇಲ್ಲವೇ ಪೂರ್ತಿ ತುಂಬಬೇಕು. ಕಪಾಟಿನ ಬಾಗಿಲುಗಳಿಗೆ ಕೊಂಡಿ. ಕೊಳೆನೀರಿನ ಕೊಳವೆಯನ್ನು ಮೇಲಕ್ಕೆ ಮಡಚುವಂತೆ ಮಾಡಿಸಿದ.

ಎಲ್ಲ ಆದ ಮೇಲೆ ಒಂದು ತೊಡಕು ಉಳಿಯಿತು. ಅವನು ಅದನ್ನು ಅಮ್ಮನಿಗೆ ಹೇಳದೆ ಇದ್ದ. ಅವಳಿಗಾಗಿಯೇ ಕಟ್ಟಿದ ಶೌಚಾಲಯ ಆ ಒಂದು ತಾಸು ಕೆಳಗೆ, ಬೀಗ ಹಾಕಿದ ವ್ಯಾನಿನೊಳಗೆ ಇರುತ್ತದೆ. ಅವಳು ಮೇಲೆ ಇರುತ್ತಾಳೆ.

*

ಟಿಕೇಟು ಯಾವ ಹೊತ್ತಿನ ಹಡಗಿಗೆ ತೆಗೆಯಬೇಕು ಎಂಬುದನ್ನು ಗೊತ್ತುಮಾಡಿದವಳು ಅಮ್ಮ.

ಮಗ ಮಧ್ಯಾಹ್ನದ ಹಡಗು ಎಂದುಕೊಂಡಿದ್ದ. ಬೆಳಿಗ್ಗೆ ವಸೈಯಿಂದ ನಿಧಾನ ಹೊರಟರೆ ಸರಿಹೋಗುತ್ತದೆ ಎಂದು. ಅಮ್ಮ ಗೋಡೆಯ ಕ್ಯಾಲೆಂಡರು ತರಿಸಿಕೊಂಡಳು. ಹೊರಡುವ ದಿನದ ಚೌಕದ ಮೇಲೆ ಬೆರಳಿಟ್ಟಳು. ದಶಮಿ. ಬಲಗೈಯ ಗೆಣ್ಣುಗಳನ್ನು ಹೆಬ್ಬೆರಳಿನಿಂದ ಮುಟ್ಟುತ್ತಾ ಎಣಿಸಿದಳು. "ಏಳೂವರಿ. ಭರತ." ಆಮೇಲೆ ಮಧ್ಯಾಹ್ನದ ಕಡೆಗೆ ಎಂಬಂತೆ ಕೈ ಆಡಿಸಿ, "ಕೆಸ್ರ್" ಎಂದಳು.

ಮಗ ಫೋನಿನಲ್ಲಿ ಉಬ್ಬರವಿಳಿತದ ಪಟ್ಟಿ ತೆಗೆದು ನೋಡಿದ. ವ್ಯತ್ಯಾಸ ಅರ್ಧ ಗಂಟೆಯೊಳಗಿತ್ತು.

ಅವಳು ಹುಟ್ಟಿದ್ದು ಕುಂದಾಪುರದ ಕೋಡಿಯಲ್ಲಿ. ಐದು ಹೊಳೆಗಳು ಕೂಡಿ ಕಡಲು ಸೇರುವ ಅಳಿವೆಯ ಬಾಯಿ ಅದು, ಎದುರು ದಡ ಗಂಗೊಳ್ಳಿ. ಅವಳ ತಂದೆ ಜನರನ್ನು ದೋಣಿಯಲ್ಲಿ ದಾಟಿಸುತ್ತಿದ್ದವರು. ಗಡಿಯಾರ ಇಲ್ಲದ ಆ ಮನೆಯಲ್ಲಿ ಲೆಕ್ಕ ಒಂದೇ, ತಿಥಿಗೆ ಮುಕ್ಕಾಲು. ಪಾಡ್ಯದಿಂದ ಎಣಿಸಿ ಎಷ್ಟನೆಯ ತಿಥಿಯೋ ಅದನ್ನು ಮುಕ್ಕಾಲರಿಂದ ಗುಣಿಸಿದರೆ ನೀರು ತುಂಬುವ ಗಂಟೆ ಸಿಗುತ್ತದೆ. ಅಷ್ಟಮಿಗೆ ಆರು, ದಶಮಿಗೆ ಏಳೂವರೆ, ಹುಣ್ಣಿಮೆ ಅಮಾವಾಸ್ಯೆಗೆ ಹನ್ನೊಂದೂಕಾಲು. ಅದಕ್ಕೆ ಆರು ಗಂಟೆ ಕೂಡಿಸಿದರೆ ಇಳಿತ. ಚಂದ್ರ ದಿನವೂ ಮುಕ್ಕಾಲು ಗಂಟೆಯಷ್ಟು ತಡವಾಗಿ ಬರುತ್ತಾನೆ, ನೀರೂ ಅವನ ಹಿಂದೆ ಬರುತ್ತದೆ. ಹುಣ್ಣಿಮೆ ಅಮಾವಾಸ್ಯೆಗೆ ನೀರು ಹೆಚ್ಚು ಏರುತ್ತದೆ, ಅಷ್ಟೇ ಹೆಚ್ಚು ಇಳಿಯುತ್ತದೆ. ಮುಂಬೈ ಕೊಲ್ಲಿಯಲ್ಲಿ ದೊಡ್ಡ ಭರತದ ದಿನ ನೀರಿನ ಮಟ್ಟ ಐದು ಮೀಟರಿನ ಹತ್ತಿರಕ್ಕೂ ಹೋಗುವುದುಂಟು. ಅಮಾವಾಸ್ಯೆಯ ಸಂಜೆ ಐದೂವರೆಗೆ ವಸೈಯ ರ್‍ಯಾಂಪು ಯಾಕೆ ಅಷ್ಟು ಕಡಿದಾಗಿತ್ತು ಎಂಬುದಕ್ಕೆ ಅವಳಿಗೆ ಪಟ್ಟಿ ಬೇಕಿರಲಿಲ್ಲ.

ಮದುವೆಯಾಗಿ ಮುಂಬೈಗೆ ಬಂದು ನಲವತ್ತೆಂಟು ವರ್ಷ. ಘಾಟ್ಕೋಪರಿನ ಚಾಳು, ಆಮೇಲೆ ವಸೈಯ ಎರಡು ಕೋಣೆಯ ಮನೆ. ಸುತ್ತ ನೀರಿರುವ ಊರಿನಲ್ಲಿ ಅಷ್ಟು ವರ್ಷ ಬದುಕಿದರೂ ನೀರಿನ ಲೆಕ್ಕವನ್ನು ಅವಳಿಂದ ಯಾರೂ ಕೇಳಿರಲಿಲ್ಲ. ಪಾರ್ಶ್ವವಾಯು ಬಡಿದ ಮೇಲಂತೂ ಕೇಳುವುದೆಲ್ಲ ಬೇರೆಯೇ ಆಗಿತ್ತು. ಮಾತ್ರೆ ತಗೊಂಡೆಯಾ, ಹೋಗಬೇಕಾ, ನೋವಿದೆಯಾ. ಹೌದು, ಇಲ್ಲ ಎಂದರೆ ಮುಗಿಯುವ ಪ್ರಶ್ನೆಗಳು.

ದೊಡ್ಡ ಹಡಗಿನ ಧಕ್ಕೆಯಲ್ಲಿ ಈ ಏರಿಳಿತ ಎಷ್ಟು ಕಾಡುತ್ತದೆ ಎಂಬುದು ಮಗನಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಇನ್ನೊಂದು ಕೊಳವೆ ಸೀಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ. ಅವನು ಬೆಳಗಿನ ಹಡಗಿಗೆ ಟಿಕೇಟು ತೆಗೆದ.

ಅಪ್ಪಯ್ಯ ಬಸ್ಸಿನಲ್ಲಿ ಅಲಿಬಾಗಿಗೆ ಬಂದು ಅಲ್ಲಿ ಕಾಯುವುದು ಎಂದು ತೀರ್ಮಾನವಾಗಿತ್ತು. ಹಿಂದಿನ ರಾತ್ರಿ ಅವರು ತಮ್ಮ ಕೈಚೀಲವನ್ನು ಬೇರೆಯಾಗಿಯೇ ಕಟ್ಟಿಕೊಂಡರು. ಅಮ್ಮ ನೋಡುತ್ತಾ ಇದ್ದಳು. ದೀಪ ಆರಿಸುವ ಮೊದಲು, "ಹ್ವಾಯ್," ಎಂದಳು. ಅವರು ತಿರುಗಿದರು.

"ಒಬ್ಳೇ?"

ಅಷ್ಟೇ. ಬೆಳಗಿನ ಜಾವ ನಾಲ್ಕಕ್ಕೆ ಅಪ್ಪಯ್ಯ ಕೈಚೀಲದ ಸಮೇತ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ಪತ್ರಿಕೆಯ ತುಂಡು ಗೋದ್ರೇಜಿನಲ್ಲೇ ಉಳಿಯಿತು.

*

ಭಾವೂಚಾ ಧಕ್ಕಾದಲ್ಲಿ ಬೆಳಿಗ್ಗೆ ಮೀನಿನ ವಾಸನೆ, ಮಂಜುಗಡ್ಡೆ ಒಡೆಯುವ ಸದ್ದು. ನೀರು ತುಂಬಿ ನಿಂತಿತ್ತು. ವ್ಯಾನಿನ ಸರದಿ ಬಂದಾಗ ಮಗ ಕನ್ನಡಿಯಲ್ಲಿ ಬಾಲವನ್ನೇ ನೋಡುತ್ತಾ ಹತ್ತಿಸಿದ. ಸದ್ದಾಗಲಿಲ್ಲ. ಖಲಾಸಿ ತೋರಿಸಿದ ಗೆರೆಯೊಳಗೆ ನಿಲ್ಲಿಸಿ, ಗೇರು ಹಾಕಿ, ಬ್ರೇಕ್ ಎಳೆದು, ಬೀಗ ಹಾಕಿ ಬೀಗದಕೈಯನ್ನು ಜೇಬಿಗೆ ಹಾಕಿಕೊಂಡ. ಎರಡು ವರ್ಷ ಅಳೆದು ಕಟ್ಟಿದ ಮನೆ ಈಗ ಎರಡು ಕಾರುಗಳ ನಡುವೆ ಇಟ್ಟ ಒಂದು ಪೆಟ್ಟಿಗೆ.

ಅವನೂ ಇಬ್ಬರು ಸಿಬ್ಬಂದಿಯೂ ಸೇರಿ ಅಮ್ಮನನ್ನು ಮೇಲಿನ ಅಂತಸ್ತಿಗೆ ತಲುಪಿಸಿದರು. ಕಿಟಕಿಯ ಪಕ್ಕ ಅವಳು, ನಡುವೆ ಮಗ, ಆಚೆ ತುದಿಗೆ ಅಪ್ಪಯ್ಯ. ಹಡಗು ಅಲುಗಿದಾಗ ಅಪ್ಪಯ್ಯ ಎದುರಿನ ಸೀಟಿನ ಬೆನ್ನನ್ನು ಹಿಡಿದುಕೊಂಡರು. ತಾಸು ಮುಗಿಯುವವರೆಗೂ ಬಿಡಲಿಲ್ಲ.

ಮಗನಿಗೆ ಗೊತ್ತಿತ್ತು, ಹಿಂದಿನ ಸಂಜೆಯಿಂದ ಅಮ್ಮ ಒಂದು ತೊಟ್ಟೂ ನೀರು ಕುಡಿದಿರಲಿಲ್ಲ. ಹೇಳದೆ ಇದ್ದರೂ ಅವಳು ತಿಳಿದುಕೊಂಡಿದ್ದಳು. ಮಾತ್ರೆಯನ್ನು ಬಾಯಲ್ಲಿ ಇಟ್ಟುಕೊಂಡು, ಲೋಟವನ್ನು ತುಟಿಗೆ ತಾಗಿಸಿ ಹಾಗೇ ಇಳಿಸಿದ್ದನ್ನು ಅವನು ನೋಡಿದ್ದ. ರೈಲಿನ ದಿನದಂತೆಯೇ. ಅವನು ಏನೂ ಅನ್ನಲಿಲ್ಲ. ಏನೆಂದು ಅನ್ನುವುದು? ಅವನು ಮಾಡಿಸಿದ ಶೌಚಾಲಯ ಎರಡು ಅಂತಸ್ತು ಕೆಳಗಿತ್ತು.

ಎಡಗಡೆ ದೂರದಲ್ಲಿ ಕರಂಜಾದ ಗುಡ್ಡ ಮಸುಕಾಗಿ ಕಾಣಿಸಿತು. ಅಮ್ಮ ಕಿಟಕಿಯ ಗಾಜಿಗೆ ಹಣೆ ತಾಗಿಸಿ ನೋಡುತ್ತಿದ್ದಳು. ದೋಣಿಗಳನ್ನಲ್ಲ, ನೀರಿನ ಮೇಲ್ಮೈಯನ್ನು. ಒಂದು ಕಡೆ ನೊರೆಯ ಗೆರೆ ಕಂಡಾಗ ಬೆರಳಿನಿಂದ ತೋರಿಸಿದಳು. "ತಿರ್ಗಿತ್," ಎಂದಳು. ನೀರು ತಿರುಗಿತು, ಇಳಿತ ಶುರುವಾಯಿತು. ಮಗನಿಗೆ ನೊರೆಯ ಹೊರತು ಬೇರೇನೂ ಕಾಣಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳು ಅವನ ತೋಳು ತಟ್ಟಿದಳು.

"ನೀರ್ ಕೊಡ್."

ಅವನು ಬಾಟಲಿಯ ಮುಚ್ಚಳ ತೆಗೆದ. ಅವಳು ಗುಟುಕು ಗುಟುಕಾಗಿ ಅರ್ಧ ಬಾಟಲಿ ಕುಡಿದಳು. ನಿಲ್ಲಿಸಿ, ಉಸಿರು ಎಳೆದುಕೊಂಡು, ಮತ್ತೆ ಕುಡಿದಳು. ಗದ್ದದ ಎಡಬದಿಯಿಂದ ಇಳಿದದ್ದನ್ನು ಸೆರಗಿನಿಂದ ಒರೆಸಿಕೊಂಡಳು. ಈ ಹಡಗಿನಲ್ಲೂ ಶೌಚಾಲಯ ಇದೆ, ಬೇಕಾದರೆ ಹೋಗಬಹುದು ಎಂದು ಮಗ ಹೇಳಹೊರಟ. ಅವಳು ಕೇಳಿಸಿಕೊಳ್ಳಲಿಲ್ಲ. ಅವಳ ಕಣ್ಣು ಮತ್ತೆ ಹೊರಗಿತ್ತು.

ಮಾಂಡವಾದಲ್ಲಿ ಅವರು ಕೆಳಗೆ ಬಂದಾಗ ವ್ಯಾನು ಬಿಟ್ಟಲ್ಲೇ ಇತ್ತು. ಒಂದು ಕಪಾಟಿನ ಕೊಂಡಿ ಮಾತ್ರ ಕಳಚಿ ಸ್ಟೀಲಿನ ಲೋಟವೊಂದು ನೆಲದಲ್ಲಿ ಉರುಳಾಡುತ್ತಿತ್ತು. ಅಮ್ಮನನ್ನು ಮಂಚಕ್ಕೆ ಒರಗಿಸಿದರು. ಅವಳು ಮೊದಲು ಬಲಗೈ ಚಾಚಿದ್ದು ಶೌಚಾಲಯದ ಹಿಡಿಕೆಗೆ. ಅಪ್ಪಯ್ಯ ಬಾಗಿಲು ಎಳೆದು ಮುಚ್ಚಿ ಹೊರಗೆ ಕಾವಲು ನಿಂತರು. ಹಿಂದಿನ ಕಾರಿನವನು ಒಮ್ಮೆ ಹಾರ್ನ್ ಹೊಡೆದ. ಅಪ್ಪಯ್ಯ ಅವನತ್ತ ತಿರುಗಿ ನೋಡಿದ ನೋಟಕ್ಕೆ ಎರಡನೆಯ ಸಲ ಹೊಡೆಯಲಿಲ್ಲ.

ರ್‍ಯಾಂಪು ಇಳಿದು, ಅಲಿಬಾಗಿನ ತೆಂಗಿನ ತೋಟಗಳ ನಡುವಿನ ರಸ್ತೆ ಹಿಡಿದ ಮೇಲೆ ಅಪ್ಪಯ್ಯ ಮುಂದಿನ ಸೀಟಿನಿಂದ ಹಿಂದಕ್ಕೆ ಕತ್ತು ತಿರುಗಿಸಿದರು.

"ನಾಳಿಗ್ ಎಷ್ಟೊತ್ತಿಗ್ ಭರತ?"

ನಾಳೆಯ ದಾರಿಯಲ್ಲಿ ಯಾವ ದೋಣಿಯೂ ಇರಲಿಲ್ಲ. ಆದರೂ ಅಮ್ಮ ಗೆಣ್ಣು ಮುಟ್ಟಿ ಎಣಿಸಿದಳು.

"ಎಂಟೂ ಕಾಲ್."